ಹಳೆ ವಿದ್ಯಾರ್ಥಿಗಳ ಗುಂಪಿನಲ್ಲಿ 1234

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಕನ್ನಡ ಮಾಧ್ಯಮ ಪ್ರೌಢಶಾಲೆಯ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ನಿವೃತ್ತ ಕನ್ನಡ ಮಾಷ್ಟ್ರೇ ಅಡ್ಮಿನ್. ಕನ್ನಡ ಲಿಪಿಯಲ್ಲಿ, ಪೂರ್ಣ ವಾಕ್ಯಗಳಲ್ಲಿ ಬರೆಯದವರನ್ನು ಅವರು ಮೊದಲು ಎಚ್ಚರಿಸುತ್ತಾರೆ, ಆಮೇಲೆ ಹೊರಗೆ ಹಾಕುತ್ತಾರೆ. ಹಾಗಾಗಿ ನಮ್ಮಲ್ಲಿ ಜಗಳವೂ ವ್ಯಾಕರಣಬದ್ಧವಾಗಿಯೇ ನಡೆಯುತ್ತದೆ. ಈಚೆಗೆ ನಡೆದ ಒಂದು ಜಗಳವನ್ನು ಸದಸ್ಯರ ಒಪ್ಪಿಗೆ ಪಡೆದು, ಹೆಸರುಗಳನ್ನು ತೆಗೆದು ಅವರವರ ಕೆಲಸವನ್ನೋ ಇರುವ ಊರನ್ನೋ ಹಾಕಿ, ನಡುವೆ ಬಂದ ಶುಭೋದಯದ ಹೂಗಳನ್ನೂ ಹುಟ್ಟುಹಬ್ಬದ ಹಾರೈಕೆಗಳನ್ನೂ ಕೈಬಿಟ್ಟು ಇಲ್ಲಿ ಹಾಕಿದ್ದೇನೆ.

ಅಂಗಡಿ ಅಣ್ಣ (ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ): ಎಚ್ಚರ! ಎಚ್ಚರ! ಅಮೆರಿಕದ ಎಲ್ಲ ಟ್ರಾಫಿಕ್ ಸಿಗ್ನಲ್‌ಗಳನ್ನು ಹ್ಯಾಕರ್‌ಗಳು 1234 ಎಂಬ ಪಾಸ್‌ವರ್ಡ್ ಒತ್ತಿ ವಶಪಡಿಸಿಕೊಂಡು, ನಾಲ್ಕೂ ದಿಕ್ಕಿಗೆ ಒಮ್ಮೆಲೇ ಹಸಿರು ದೀಪ ಉರಿಸಿದ್ದಾರೆ. ಸಂಚಾರ ನಿಯಮ ಮುರಿದವರನ್ನು ಹಿಡಿಯಲು ಕೇರಳದ ರಸ್ತೆಗಳಲ್ಲಿ ಹಾಕಿದ 726 ಕ್ಯಾಮೆರಾಗಳ ಪಾಸ್‌ವರ್ಡೂ ಇದೇ ಆಗಿದೆ. ವೀಡಿಯೊ ನೋಡಿ, ಅಳಿಸಿಹೋಗುವ ಮೊದಲು ಎಲ್ಲ ಗುಂಪುಗಳಿಗೂ ಕಳುಹಿಸಿರಿ.

ಅಂಗಡಿ ಅಣ್ಣ: ಹೆಲ್ಮೆಟ್ ಹಾಕಲಿಲ್ಲವೆಂದು ನನ್ನ ಮನೆಗೆ ಬಂದ ದಂಡದ ನೋಟಿಸನ್ನು ಸರಕಾರವೇ ಕಳುಹಿಸಿದ್ದೋ ಬೇರೆ ಯಾರಾದರೂ ಕಳುಹಿಸಿದ್ದೋ ಎಂದು ಇನ್ನು ಹೇಗೆ ನಂಬುವುದು?

ಇಂಜಿನಿಯರ್: ಅಂಗಡಿ ಅಣ್ಣ, ಇದರ ಮೂಲ ಯಾವುದೆಂದು ದಯವಿಟ್ಟು ತಿಳಿಸಿ. ಕೊರೋನಾ ಕಾಲದಲ್ಲಿ ಈರುಳ್ಳಿಯನ್ನು ಕತ್ತರಿಸಿ ಕೋಣೆಯ ಮೂಲೆಯಲ್ಲಿಡಲು ಹೇಳಿದವರೂ ನೀವೇ ಆದ್ದರಿಂದ ಕೇಳುತ್ತಿದ್ದೇನೆ.

ಅಂಗಡಿ ಅಣ್ಣ: ಮೂಲ ನನ್ನ ಭಾವ. ಅವರಿಗೆ ಮಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿ ಇದೆ. ಈರುಳ್ಳಿಯ ವಿಷಯವನ್ನು ನೀನು ಸಾಯುವವರೆಗೂ ಬಿಡುವುದಿಲ್ಲ ಎಂದು ನನಗೆ ಗೊತ್ತು.

ಇಂಜಿನಿಯರ್: ವೀಡಿಯೊ ನಿಜ, ಅದಕ್ಕೆ ಅಂಟಿಸಿದ ಬರಹ ಸುಳ್ಳು. 2025ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ, ಮೆನ್ಲೊ ಪಾರ್ಕ್, ರೆಡ್‌ವುಡ್ ಸಿಟಿಗಳಲ್ಲಿ ನಡೆದದ್ದಿದು. ಪಾದಚಾರಿಗಳು ರಸ್ತೆ ದಾಟಲು ಒತ್ತುವ ಗುಂಡಿಯಿಂದ ‘ನಿಲ್ಲಿ’, ‘ದಾಟಿ’ ಎಂಬ ಧ್ವನಿಯ ಬದಲು ಇಲಾನ್ ಮಸ್ಕ್, ಮಾರ್ಕ್ ಜುಕರ್‌ಬರ್ಗ್ ಅವರನ್ನು ಅನುಕರಿಸುವ ಕೃತಕ ಧ್ವನಿಗಳು ಕೇಳಿಬಂದವು. ಕಂಬದ ಬುಡದಲ್ಲಿ ನಿಂತು ಬ್ಲೂಟೂತ್ ಮೂಲಕ ಆ ಗುಂಡಿಗೆ ಬೇರೆ ಧ್ವನಿ ತುಂಬಿಸುವ ಆ್ಯಪ್ ಯಾರಿಗೆ ಬೇಕಾದರೂ ಸಿಗುತ್ತಿತ್ತು. ಅಂಥ ಸಾಧನ ಕಾರ್ಖಾನೆಯಿಂದ ಬರುವಾಗ ಅದರ ಪಾಸ್‌ವರ್ಡ್ 1234 ಆಗಿರುತ್ತಿತ್ತು. ದೀಪಗಳು ಎಂದಿನಂತೆಯೇ ಉರಿದವು, ಮಾತು ಮಾತ್ರ ಬದಲಾಯಿತು. ಕೇರಳದ ಕ್ಯಾಮೆರಾಗಳನ್ನು 2023ರಲ್ಲಿ ಹಾಕಿದ್ದು ನಿಜ, ಸಂಖ್ಯೆಯೂ ಸರಿ. ಪಾಸ್‌ವರ್ಡಿನ ಮಾತಿಗೆ ಮಾತ್ರ ಆ ಬರಹದಲ್ಲಿ ಯಾವ ಆಧಾರವೂ ಇಲ್ಲ.

ಅಬುಧಾಬಿ: ನಮ್ಮ ಜಂಕ್ಷನ್ನಿನಲ್ಲಿ ಅಂಥ ಗುಂಡಿ ಇದ್ದಿದ್ದರೆ ನಮ್ಮ ಡ್ರಿಲ್ ಮಾಷ್ಟ್ರ ಧ್ವನಿಯನ್ನೇ ತುಂಬಿಸಬಹುದಿತ್ತು. ಅವರು ಒಮ್ಮೆ ಸೀಟಿ ಊದಿದರೆ ಮಾರ್ಪನಡ್ಕದ ಬಸ್ಸೂ ನಿಲ್ಲುತ್ತಿತ್ತು. ಆಗ ನಾವು ಬಸ್ಸಿನ ದುಡ್ಡು ಉಳಿಸಿ ಉಪ್ಪು ಹಾಕಿದ ನೆಲ್ಲಿಕಾಯಿ ತಿಂದು, ಮಳೆಗೆ ನೆನೆದುಕೊಂಡೇ ಮನೆಗೆ ನಡೆಯುತ್ತಿದ್ದೆವು.

ಕುಂಬಳೆ ಅಕ್ಕ: ತಮಾಷೆ ಸಾಕು. ಕಣ್ಣು ಕಾಣದವರು ರಸ್ತೆಯ ಅಂಚಿನಲ್ಲಿ ಆ ಧ್ವನಿಯನ್ನೇ ನಂಬಿಕೊಂಡು ನಿಂತಿರುತ್ತಾರೆ. ಅವರಿಗೆ ದಾಟು ಎಂದೋ ನಿಲ್ಲು ಎಂದೋ ಹೇಳಬೇಕಾದ ಯಂತ್ರ ಹರಟೆ ಕೊಚ್ಚತೊಡಗಿದರೆ ಅವರೇನು ಮಾಡಬೇಕು?

ಮಾಷ್ಟ್ರು: ಅಕ್ಕನ ಮಾತು ಯೋಗ್ಯವಾಗಿದೆ. ವಿದ್ಯೆಯಿದ್ದು ವಿವೇಕವಿಲ್ಲದವರ ಕೈಯಲ್ಲಿ ಯಂತ್ರ ಸಿಕ್ಕಿದರೆ ಹೀಗೆಯೇ ಆಗುತ್ತದೆ. ‘ಕಳುಹಿಸಿರಿ’ ಎಂದು ಆಜ್ಞಾಪಿಸುವ ಸಂದೇಶಗಳನ್ನು ಯಾರೂ ಕಳುಹಿಸಬಾರದೆಂದು ನಾನು ಕಳೆದ ವಿಷುವಿಗೇ ಸೂಚಿಸಿದ್ದೆ.

ಅಂಗಡಿ ಅಣ್ಣ: ಹಾಗಾದರೆ ನಾಲ್ಕು ದಿಕ್ಕಿಗೂ ಹಸಿರು ದೀಪ ಉರಿಸಲು ಸಾಧ್ಯವೋ ಇಲ್ಲವೋ, ಅದನ್ನು ಹೇಳು.

ಇಂಜಿನಿಯರ್: ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು 2014ರಲ್ಲಿ, ರಸ್ತೆ ಇಲಾಖೆಯ ಅನುಮತಿ ಪಡೆದೇ, ಅದನ್ನು ಪರೀಕ್ಷಿಸಿ ನೋಡಿದ್ದಾರೆ. ಒಂದು ಊರಿನ ಸುಮಾರು ನೂರು ಜಂಕ್ಷನ್‌ಗಳ ಸಿಗ್ನಲ್‌ಗಳು ರೇಡಿಯೊ ಮೂಲಕ ಒಂದೇ ಜಾಲಕ್ಕೆ ಸೇರಿದ್ದವು. ಆ ಜಾಲದ ಸಂದೇಶಗಳಿಗೆ ಗೂಢಲಿಪಿ ಇರಲಿಲ್ಲ, ಸಾಧನಗಳಲ್ಲಿ ಕಾರ್ಖಾನೆಯ ಪಾಸ್‌ವರ್ಡೇ ಉಳಿದಿತ್ತು. ಹಾಗಾಗಿ ಅವರಿಗೆ ತಮ್ಮ ದಾರಿಗೆ ಬೇಕಾದಾಗ ಹಸಿರು ಮಾಡಿಕೊಳ್ಳಲು ಆಯಿತು, ಆದರೆ ನಾಲ್ಕೂ ಕಡೆಗೆ ಒಮ್ಮೆಲೇ ಹಸಿರು ಮಾಡಲು ಆಗಲಿಲ್ಲ. ರಸ್ತೆ ಬದಿಯ ಪೆಟ್ಟಿಗೆಯೊಳಗೆ ಪ್ರತ್ಯೇಕವಾದ ಒಂದು ಕಾವಲು ಘಟಕ ಇರುತ್ತದೆ. ಒಂದಕ್ಕೊಂದು ಅಡ್ಡ ಬರುವ ದಿಕ್ಕುಗಳಿಗೆ ಹಸಿರು ಹೋಯಿತೆಂದರೆ ಅದು ಅಲ್ಲಿಗೇ ತಡೆದು, ಎಲ್ಲ ಕಡೆಗೂ ಕೆಂಪು ದೀಪ ಮಿನುಗುವಂತೆ ಮಾಡುತ್ತದೆ. ಆ ಘಟಕಕ್ಕೆ ಏನು ಮಾಡಬೇಕೆಂಬುದನ್ನು ಜಾಲದ ಮೂಲಕ ಹೇಳಿಕೊಡಲು ಬರುವುದಿಲ್ಲ, ಪೆಟ್ಟಿಗೆ ತೆರೆದು ಕೈಯಿಂದಲೇ ಬದಲಿಸಬೇಕು.

ಅಬುಧಾಬಿ: 2013ರ ಫೆಬ್ರವರಿಯಲ್ಲಿ ಅಮೆರಿಕದ ಮೊಂಟಾನಾದ ಟಿ.ವಿ. ಚಾನೆಲ್ಲಿನ ತುರ್ತು ಎಚ್ಚರಿಕೆಯ ಯಂತ್ರಕ್ಕೂ ಯಾರೋ ಹೀಗೆಯೇ ಕಾರ್ಖಾನೆಯ ಪಾಸ್‌ವರ್ಡಿನಿಂದಲೇ ನುಗ್ಗಿ, ಸತ್ತವರು ಗೋರಿಯಿಂದೆದ್ದು ಬರುತ್ತಿದ್ದಾರೆ ಎಂದು ಪ್ರಸಾರ ಮಾಡಿದ್ದರು.

ಅಂಗಡಿ ಅಣ್ಣ: ನಮ್ಮಲ್ಲಿ ಆಟಿ ತಿಂಗಳಲ್ಲಿ ಸರಿಯಾಗಿ ಅಗೆಲು, ಅಂದರೆ ಸತ್ತವರಿಗೆ ಇಡುವ ಎಡೆ, ಬಡಿಸಿದರೆ ಸತ್ತವರಿಗೆ ಟಿ.ವಿ.ಗೆ ಬರುವ ಅಗತ್ಯ ಬೀಳುವುದಿಲ್ಲ.

ಇಂಜಿನಿಯರ್: ನಗುವ ವಿಷಯ ಅದಾದರೆ ಅಳುವ ವಿಷಯ ಇನ್ನೊಂದಿದೆ. 2016ರಲ್ಲಿ ಹರಡಿದ ಮಿರಾಯ್ ಎಂಬ ಪ್ರೋಗ್ರಾಮು ಇಂಟರ್ನೆಟ್ಟಿಗೆ ಜೋಡಿಸಿದ ಕ್ಯಾಮೆರಾ, ಅದರ ಚಿತ್ರ ದಾಖಲಿಸುವ ಪೆಟ್ಟಿಗೆ (ಡಿ.ವಿ.ಆರ್.), ರೌಟರ್‌ಗಳ ಬಾಗಿಲನ್ನು ತಾನೇ ತಟ್ಟುತ್ತಾ, ಕಾರ್ಖಾನೆಗಳು ಇಡುವ ಅರುವತ್ತರಷ್ಟು ಪಾಸ್‌ವರ್ಡುಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತಿತ್ತು. ಹಾಗೆ ಸಿಕ್ಕಿದ ಲಕ್ಷದಷ್ಟು ಸಾಧನಗಳನ್ನು ದಂಡು ಕಟ್ಟಿ, ಅದೇ ವರ್ಷದ ಅಕ್ಟೋಬರ್ 21ರಂದು ಜಾಲತಾಣಗಳ ಹೆಸರಿನಿಂದ ಅವುಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪೆನಿಯ ಮೇಲೆ ಬಿಟ್ಟಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ತೆರೆಯಲಿಲ್ಲ. ಆ ಪ್ರೋಗ್ರಾಮನ್ನು ಬರೆದ ಮೂವರು ಎಳೆಯರು ಮರುವರ್ಷ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ದಂಡಿಗೆ ಸೇರಿದ ಕ್ಯಾಮೆರಾದ ಒಡೆಯನಿಗೆ ಏನೂ ಗೊತ್ತೇ ಆಗುವುದಿಲ್ಲ, ಚಿತ್ರ ಎಂದಿನಂತೆಯೇ ಬರುತ್ತಿರುತ್ತದೆ.

ಕುಂಬಳೆ ಅಕ್ಕ: ಹಾಗಾದರೆ ನಮ್ಮ ಸಂಘದ ವತಿಯಿಂದ ಶಾಲೆಯ ಎದುರಿನ ಜಂಕ್ಷನ್ನಿಗೂ ಬಸ್ ತಂಗುದಾಣಕ್ಕೂ ಹಾಕಿಸಿದ ಕ್ಯಾಮೆರಾಗಳ ಪಾಸ್‌ವರ್ಡ್ ಏನೆಂದು ಖಜಾಂಚಿಯವರು ತಿಳಿಸುವಿರಾ? ಅದನ್ನು ಇಲ್ಲಿ ಬರೆಯಬೇಡಿ, ಬದಲಿಸಿದ್ದೀರೋ ಇಲ್ಲವೋ ಎಂಬುದನ್ನು ಮಾತ್ರ ಹೇಳಿ.

ಇಲ್ಲಿಂದ ಮುಂದೆ ಅಮೆರಿಕ ಮರೆತೇ ಹೋಯಿತು. ಖಜಾಂಚಿಯ ಹೆಸರಿನ ಕೆಳಗೆ ‘ಟೈಪ್ ಮಾಡಲಾಗುತ್ತಿದೆ’ ಎಂಬುದು ಬಹಳ ಹೊತ್ತು ಕಾಣಿಸುತ್ತಿದ್ದು, ಕೊನೆಗೆ ಬಂದದ್ದು ಪಾಸ್‌ವರ್ಡಿನ ಬಗೆಗಿನ ಉತ್ತರವಾಗಿರಲಿಲ್ಲ.

ಖಜಾಂಚಿ: ಕ್ಯಾಮೆರಾ ಖರೀದಿಯ ಪ್ರತಿಯೊಂದು ರಶೀದಿಯೂ ನನ್ನ ಬಳಿ ಇದೆ. ಮೂರು ಕಡೆಯಿಂದ ಕೊಟೇಶನ್ ತರಿಸಿಯೇ ಕೊಂಡಿದ್ದೇವೆ. ಇಂಜಿನಿಯರರು ಅಂದು ಬೆಂಗಳೂರಿನಿಂದಲೇ ನೂರು ಸಲಹೆ ಕೊಟ್ಟರು, ಆದರೆ ಅವರ ವಂತಿಗೆ ಇಂದಿನವರೆಗೂ ಬಂದಿಲ್ಲ. ಅವರಿಗೆ ಪ್ರಶ್ನೆ ಕೇಳುವ ಅಧಿಕಾರ ಎಲ್ಲಿಂದ ಬಂತು?

ಇಂಜಿನಿಯರ್: ಪ್ರಶ್ನೆ ಕೇಳಿದ್ದು ಅಕ್ಕ. ನಾನು ಅಂದು ಕೊಟ್ಟ ಸಲಹೆಯೂ ಇದೇ ಆಗಿತ್ತು: ಕೆಲಸ ಮುಗಿದ ಮೇಲೆ ಪಾಸ್‌ವರ್ಡನ್ನು ಬದಲಿಸಿ, ಲಿಖಿತವಾಗಿ ಒಬ್ಬರ ಕೈಗೆ ಒಪ್ಪಿಸಬೇಕು. ಅದಕ್ಕೆ ನೀನು, ‘ಮೊದಲು ಉದ್ಘಾಟನೆ ಆಗಲಿ’ ಎಂದಿದ್ದೆ.

ಅಂಗಡಿ ಅಣ್ಣ: ಉದ್ಘಾಟನೆಯ ಸುದ್ದಿ ಬಂದದ್ದು ಒಳ್ಳೆಯದೇ ಆಯಿತು. ರೆಕಾರ್ಡಿಂಗ್ ಪೆಟ್ಟಿಗೆ ಇರುವುದು ನನ್ನ ಅಂಗಡಿಯ ಮಾಡಿನಲ್ಲಿ, ಕರೆಂಟ್ ಬಿಲ್ಲು ಕಟ್ಟುವುದು ನಾನು, ಇಂಟರ್ನೆಟ್ಟೂ ನನ್ನದೇ. ಆದರೆ ಶಿಲಾಫಲಕದಲ್ಲಿ ನನ್ನ ಹೆಸರಿಲ್ಲ. ಅಕ್ಕ ಕೇಳಿದ ವಿಷಯ ಪೆಟ್ಟಿಗೆಯ ಮೇಲೆಯೇ ಬರೆದಿದೆ, ಈಗಲೇ ನೋಡಿ ಹೇಳುತ್ತೇನೆ.

ಅವರು ಹೇಳಲಿಲ್ಲ, ಪೆಟ್ಟಿಗೆಯ ಚಿತ್ರವನ್ನೇ ತೆಗೆದು ಗುಂಪಿಗೆ ಹಾಕಿದರು. ಧೂಳು ಹಿಡಿದ ಕಪ್ಪು ಡಬ್ಬಿ. ಅದರ ಬೆನ್ನಿಗೆ ಕ್ಯೂಆರ್ ಕೋಡ್ ಇರುವ ಬಿಳಿ ಚೀಟಿ. ಆ ಚೀಟಿಯ ಪಕ್ಕದಲ್ಲಿ, ಜೋಡಿಸಲು ಬಂದ ಹುಡುಗ ನೀಲಿ ಮಾರ್ಕರಿನಲ್ಲಿ ಬರೆದಿಟ್ಟ ‘ಅಡ್ಮಿನ್’, ಅದರ ಕೆಳಗೆ ‘ಅಡ್ಮಿನ್123’. ಮೂಲೆಯಲ್ಲಿ ಒಂದು ಹಲ್ಲಿಯ ಬಾಲವೂ ಕಾಣುತ್ತಿತ್ತು.

ಇಂಜಿನಿಯರ್: ಅಂಗಡಿ ಅಣ್ಣ, ದಯವಿಟ್ಟು ಆ ಚಿತ್ರವನ್ನು ಕೂಡಲೇ ಅಳಿಸಿ. ‘ಎಲ್ಲರಿಗೂ ಅಳಿಸಿ’ ಎಂಬುದನ್ನೇ ಒತ್ತಿ.

ಅಂಗಡಿ ಅಣ್ಣ: ಈ ಸಂದೇಶವನ್ನು ಅಳಿಸಲಾಗಿದೆ.

ಅಬುಧಾಬಿ: ಅಳಿಸಿದರೂ ತೊಂದರೆಯಿಲ್ಲ, ನಾನು ಒಳಗೆ ಹೋಗಿ ಆಯಿತು. ಕೋಡನ್ನು ಆ್ಯಪಿಗೆ ತೋರಿಸಿ, ಆ ಎರಡು ಶಬ್ದ ಹಾಕಿದಾಗ ನಮ್ಮ ಊರೇ ತೆರೆದುಕೊಂಡಿತು. ಮಳೆ ಬರುತ್ತಿದೆ. ತಂಗುದಾಣದ ಹಿಂದಿನ ಆ ಹಲಸಿನ ಮರವನ್ನು ಕಡಿದದ್ದು ಯಾರು? ನಾವು ಎಷ್ಟು ಹಲಸಿನ ಹಣ್ಣು ಕದ್ದಿದ್ದೇವೆ ಅದರಿಂದ! ಕ್ಯಾಮೆರಾವನ್ನು ಇಲ್ಲಿಂದಲೇ ಎಡಕ್ಕೂ ಬಲಕ್ಕೂ ತಿರುಗಿಸಲು ಬರುತ್ತದೆ. ಚಿತ್ರ ಹಾಕಿದ್ದೇನೆ, ನೋಡಿ.

ಅವನು ಹಾಕಿದ ಚಿತ್ರದಲ್ಲಿ ಮಳೆಯೂ ಇತ್ತು, ನಾಯಿಯೂ ಇತ್ತು, ಸಮವಸ್ತ್ರದ ಆರೇಳು ಹುಡುಗಿಯರು ಬಸ್ಸಿಗೆ ಕಾಯುತ್ತಾ ನಿಂತದ್ದೂ ಇತ್ತು. ಮುಖಗಳು ಸ್ಪಷ್ಟವಾಗಿದ್ದವು.

ಕುಂಬಳೆ ಅಕ್ಕ: ಅದನ್ನೂ ಅಳಿಸು. ಅವರಲ್ಲಿ ಒಬ್ಬಳು ನನ್ನ ತಂಗಿಯ ಮಗಳು. ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾದಿಂದ ಹೆಂಗಸರ ತಪಾಸಣೆಯ ದೃಶ್ಯಗಳನ್ನು ಕದ್ದು ಟೆಲಿಗ್ರಾಮಿನಲ್ಲಿ ಮಾರಿದ ಸುದ್ದಿ 2025ರ ಫೆಬ್ರವರಿಯಲ್ಲಿ ಬಂದಿತ್ತಲ್ಲ, ಅಲ್ಲಿಯೂ ಇದ್ದ ಪಾಸ್‌ವರ್ಡ್ ಇದೇ. ನೀನು ನಮ್ಮವನು, ಮರ ನೋಡಿದೆ. ನಿನಗಿಂತ ಮೊದಲು ಯಾರು ಯಾರು ಏನೇನು ನೋಡಿದ್ದಾರೋ ಯಾರಿಗೆ ಗೊತ್ತು?

ಖಜಾಂಚಿ: ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರಿನೊಳಗೆ ಅಪ್ರಾಮಾಣಿಕವಾಗಿಯೋ ವಂಚನೆಯಿಂದಲೋ ಹೋಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೇ ಸೆಕ್ಷನ್ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಸಜೆ, ಇಲ್ಲವೇ ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅಬುಧಾಬಿಯವರು ಇದನ್ನು ಗಮನದಲ್ಲಿಡುವುದು ಒಳ್ಳೆಯದು.

ಅಬುಧಾಬಿ: ಕ್ಯಾಮೆರಾಗಳ ಅರ್ಧ ದುಡ್ಡು ಕಳುಹಿಸಿದ್ದು ನಾನು. ನನ್ನ ಕ್ಯಾಮೆರಾದಲ್ಲಿ ನನ್ನ ಊರನ್ನು ನೋಡಲು ನಿನ್ನ ಅನುಮತಿ ಬೇಕೇ? ಆದರೂ ಅಕ್ಕ ಹೇಳಿದ್ದಕ್ಕೆ ಅಳಿಸಿದ್ದೇನೆ. ಶಾಲೆಯಲ್ಲಿ ಲ್ಯಾಬಿನ ಕೀಲಿಯನ್ನು ಬಾಗಿಲ ಮೇಲಿನ ಪಟ್ಟಿಯಲ್ಲಿಡುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು, ಇದೂ ಹಾಗೆಯೇ ಆಯಿತು.

ಇಂಜಿನಿಯರ್: ಜೋಡಿಸುವ ಹುಡುಗರನ್ನು ಮಾತ್ರ ಬಯ್ದು ಪ್ರಯೋಜನವಿಲ್ಲ. ಒಂದು ತಾಲೂಕಿನ ನೂರಾರು ಪೆಟ್ಟಿಗೆಗಳನ್ನು ಒಬ್ಬನೇ ನೋಡಿಕೊಳ್ಳುವಾಗ ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಟ್ಟರೆ ಅವನಿಗೆ ಸುಲಭ. ಮರೆತುಹೋದರೆ ಪೆಟ್ಟಿಗೆಯನ್ನು ಕಳಚಿ ರಿಸೆಟ್ ಮಾಡಿಸಬೇಕು, ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಈಗಿನ ಪೆಟ್ಟಿಗೆಗಳು ಮೊದಲ ಸಲ ಚಾಲೂ ಮಾಡುವಾಗಲೇ ಹೊಸ ಪಾಸ್‌ವರ್ಡ್ ಕೇಳುತ್ತವೆ, ಆಗ ಅವರು ಹಾಕುವುದು ಅಡ್ಮಿನ್123. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಮನೆಬಳಕೆಯ ಇಂಥ ಸಾಧನಗಳನ್ನು ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವಂತಿಲ್ಲ. ನಮ್ಮಲ್ಲಿಯೂ 2025ರ ಏಪ್ರಿಲ್‌ನಿಂದ ಮಾರಾಟಕ್ಕೆ ಬರುವ ಸಿ.ಸಿ. ಕ್ಯಾಮೆರಾಗಳು ಭದ್ರತಾ ಪರೀಕ್ಷೆಯಲ್ಲಿ ಗೆಲ್ಲಬೇಕು. ಅದಕ್ಕಿಂತ ಮೊದಲೇ ಕಂಬ ಹತ್ತಿದವುಗಳನ್ನು ಯಾರೂ ಇಳಿಸಿ ನೋಡುವುದಿಲ್ಲ, ನಮ್ಮವು ಆ ಸಾಲಿಗೇ ಸೇರಿದವು.

ಮಾಷ್ಟ್ರು: ಒಬ್ಬರ ಮೇಲೊಬ್ಬರು ದೋಷ ಹೊರಿಸುವುದನ್ನು ನಿಲ್ಲಿಸಿರಿ. ಮುಂದಿನ ಭಾನುವಾರ ಕಾರ್ಯಕಾರಿ ಸಮಿತಿಯ ಸಭೆ ಕರೆದು, ಹೊಸ ಪಾಸ್‌ವರ್ಡನ್ನು ಬಹುಮತದಿಂದ ತೀರ್ಮಾನಿಸೋಣ. ಶಾಲೆಯ ಹೆಸರೂ ಸ್ಥಾಪನೆಯ ವರ್ಷವೂ ಸೇರಿದ್ದರೆ ಅರ್ಥಪೂರ್ಣವಾಗಿರುತ್ತದೆ ಎಂದು ನನ್ನ ಅಭಿಪ್ರಾಯ.

ಖಜಾಂಚಿ: ಅನುಮೋದಿಸುತ್ತೇನೆ.

ಅಂಗಡಿ ಅಣ್ಣ: ಫಲಕದ ವಿಷಯವನ್ನೂ ಅದೇ ಸಭೆಗೆ ಸೇರಿಸಬೇಕು.

ಇಂಜಿನಿಯರ್: ಮಾಷ್ಟ್ರೇ, ಇನ್ನೂರು ಜನರ ಎದುರು ಬಹುಮತದಿಂದ ತೀರ್ಮಾನಿಸಿದ್ದು ಪಾಸ್‌ವರ್ಡ್ ಆಗುವುದಿಲ್ಲ. ಯಾರಾದರೂ ಇಬ್ಬರು ಅಂಗಡಿಗೆ ಹೋಗಿ, ಪೆಟ್ಟಿಗೆಗೆ ಮೌಸು ಸಿಕ್ಕಿಸಿ, ಬಳಕೆದಾರರ ಪಟ್ಟಿಯಲ್ಲಿ ಅಡ್ಮಿನ್‌ಗೆ ಉದ್ದವಾದ ಹೊಸ ಪಾಸ್‌ವರ್ಡ್ ಕೊಟ್ಟು, ನೋಡಲಷ್ಟೇ ಬರುವ ಇನ್ನೊಂದು ಖಾತೆಯನ್ನು ಬೇರೆಯಾಗಿ ಮಾಡಿ, ಹೊರಗಿನಿಂದ ನೋಡುವ ವ್ಯವಸ್ಥೆಯನ್ನು ಮುಚ್ಚಿಬಿಡಲಿ. ಅಡಿಕೆ ಸುಲಿಯುವಷ್ಟು ಹೊತ್ತಿನ ಕೆಲಸವೂ ಅಲ್ಲ.

ಖಜಾಂಚಿ: ಸಮಿತಿಯ ನಿರ್ಣಯವಿಲ್ಲದೆ ಪೆಟ್ಟಿಗೆಯನ್ನು ಮುಟ್ಟಿದರೆ ವಾರಂಟಿಗೆ ಯಾರು ಜವಾಬ್ದಾರರು?

ಸಂಜೆಯವರೆಗೂ ವಾರಂಟಿಯ ಚರ್ಚೆಯೇ ನಡೆಯಿತು. ಅದು ಮುಗಿದು ಎಷ್ಟೋ ಕಾಲವಾಗಿದೆ ಎಂದು ಯಾರೋ ರಶೀದಿ ನೋಡಿ ಹೇಳಿದ ಮೇಲೆ, ಆ ರಶೀದಿ ಅವರ ಕೈಗೆ ಹೇಗೆ ಬಂತು ಎಂಬ ಚರ್ಚೆ ಶುರುವಾಯಿತು.

ಕುಂಬಳೆ ಅಕ್ಕ: ನಾನೀಗ ಅಂಗಡಿ ಅಣ್ಣನಲ್ಲಿಗೆ ಬಂದು, ಅವರ ಎದುರಿಗೇ ಪೆಟ್ಟಿಗೆಯ ಇಂಟರ್ನೆಟ್ ಕೇಬಲ್ಲನ್ನು ಎಳೆದು ತೆಗೆದಿದ್ದೇನೆ. ರೆಕಾರ್ಡಿಂಗ್ ನಡೆಯುತ್ತಿದೆ, ಹೊರಗಿನಿಂದ ನೋಡಲು ಮಾತ್ರ ಬರುವುದಿಲ್ಲ. ಅಬುಧಾಬಿಯಿಂದ ಪ್ರಯತ್ನಿಸಿ ನೋಡಿದ್ದಾಯಿತು. ಕೇಬಲ್ ನನ್ನ ಚೀಲದಲ್ಲಿದೆ. ಹೊಸ ಪಾಸ್‌ವರ್ಡ್ ಹಾಕಲು ಬರುವವರು ನನ್ನ ಮನೆಗೆ ಬಂದು ಅದನ್ನು ಪಡೆದುಕೊಳ್ಳಬಹುದು.

ಖಜಾಂಚಿ: ಆ ಕೇಬಲ್ ಸಂಘದ ಸೊತ್ತು. ಅದನ್ನು ಪಡೆದುಕೊಂಡದ್ದಕ್ಕೆ ಅಕ್ಕ ಒಂದು ರಶೀದಿ ಬರೆದುಕೊಡಬೇಕಾಗಿ ವಿನಂತಿ.