ಎಷ್ಟು ತಿನ್ನಿಸಿದರೂ ಕುದುರೆಯ ಪಕ್ಕೆಲುಬು ಮುಚ್ಚುತ್ತಿಲ್ಲ, ಏನು ಮಾಡಲಿ?

ಮುಳಶಿ ಸವಾರ:

ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ನೌಕರಿ ಪುಣೆಯ ಹಿಂಜವಡಿಯಲ್ಲಿ. ರೇಸಿನಿಂದ ನಿವೃತ್ತವಾದ ಒಂದು ಥರೋಬ್ರೆಡ್ ಕುದುರೆಯನ್ನು ಮಧ್ಯವರ್ತಿಯೊಬ್ಬರಿಂದ ಕೊಂಡು ಮುಳಶಿ ರಸ್ತೆಯ ಲಾಯವೊಂದರಲ್ಲಿ ಕಟ್ಟಿಸಿದ್ದೇನೆ. ಹೆಸರು ಭೈರ. ವಯಸ್ಸು ಒಂಬತ್ತು, ಕಂದು ಬಣ್ಣ, ಬೀಜ ಒಡೆಸಿದ ಗಂಡು. ಗುಣದಲ್ಲಿ ಚಿನ್ನ, ಮಕ್ಕಳು ಕಾಲ ಕೆಳಗೆ ನುಸುಳಿದರೂ ಅಲುಗುವುದಿಲ್ಲ.

ಆದರೆ ಮೈ ಮಾತ್ರ ಹಿಡಿಯುತ್ತಿಲ್ಲ. ಪಕ್ಕೆಲುಬುಗಳನ್ನು ಗೇಟಿನ ಬಳಿ ನಿಂತೇ ಎಣಿಸಬಹುದು. ಬೆನ್ನುಮೂಳೆಯ ಎರಡೂ ಬದಿ ಹಳ್ಳ ಬಿದ್ದಿದೆ, ಬಾಲದ ಬುಡದ ಮೂಳೆ ಎದ್ದು ಕಾಣುತ್ತದೆ. ಹೊಟ್ಟೆ ಮಾತ್ರ ಜೋತುಬಿದ್ದಿದೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ 168 ಸೆಂಟಿಮೀಟರ್, ಭುಜದ ತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ 155.

ಮೇವಿನ ವಿಷಯ: ಬೆಳಿಗ್ಗೆ ಮೂರು ಕಿಲೋ, ಸಂಜೆ ಮೂರು ಕಿಲೋ ದಾಣಿ. ಅದರಲ್ಲಿ ಗೋಧಿ ಬೂಸಾ ಹೆಚ್ಚು, ನೆನೆಸಿದ ಕಡಲೆ, ಸ್ವಲ್ಪ ಓಟ್ಸ್. ರಾತ್ರಿ ಒಂದು ಹೊರೆ ಜೋಳದ ಕಣಿಕೆ, ಇಲ್ಲಿಯವರು ಕಡ್ಬಾ ಎನ್ನುವುದು. ನಡುವೆ ಹಗಲೆಲ್ಲ ಏನೂ ಇಲ್ಲದೆ ನಿಂತಿರುತ್ತಾನೆ. ಜಂತುಹುಳುವಿನ ಔಷಧ ಕೊಟ್ಟಾಗಿದೆ ಎಂದು ಮಾರಿದವರು ಹೇಳಿದ್ದರು.

ಇನ್ನೆರಡು ಸಂಗತಿ. ಗೋದಲಿಯ ಕೆಳಗೆ ಅರ್ಧ ಜಗಿದ ಹುಲ್ಲಿನ ಉಂಡೆಗಳು ಬಿದ್ದಿರುತ್ತವೆ, ಲಾಯದ ಹುಡುಗ ಬೆಳಿಗ್ಗೆ ಗುಡಿಸಿ ಹಾಕುತ್ತಾನೆ. ಲದ್ದಿಯಲ್ಲಿ ಕಡಲೆ ಇಡಿಯಾಗಿಯೇ ಬರುತ್ತದೆ.

ದಾಣಿಯನ್ನು ನಾಲ್ಕು ಕಿಲೋಗೆ ಏರಿಸಲೇ? ಮೈ ತುಂಬಿಸುವ ಪುಡಿಯೊಂದನ್ನು ಅಂಗಡಿಯವರು ತೋರಿಸಿದರು, ಡಬ್ಬಿಯ ಬೆಲೆ ನೋಡಿ ನಾನೇ ಸೊರಗಿದೆ.

ಖಡಕಿಯವನು:

ನಮ್ಮ ಗಲ್ಲಿಯಲ್ಲಿ ಮದುವೆ ಮೆರವಣಿಗೆಯ ಕುದುರೆ ಸಾಕುವವರಿದ್ದಾರೆ. ಅವರು ಕಡಲೆಗೆ ಬೆಲ್ಲ, ತುಪ್ಪ ಕಲಸಿ ಉಂಡೆ ಮಾಡಿ ಕೊಡುತ್ತಾರೆ, ಜೊತೆಗೆ ಹತ್ತಿಕಾಳಿನ ಹಿಂಡಿ. ಕುದುರೆ ಮಿರಮಿರ ಮಿಂಚುತ್ತದೆ. ಪುಡಿಗಿಡಿಗೆ ಹಣ ಸುರಿಯಬೇಡಿ.

ಮಾಜಿ ದಫೇದಾರ:

ತಮ್ಮಾ, ದಾಣಿ ಏರಿಸುವ ಮಾತು ಆಮೇಲೆ. ಮೊದಲು ಆ ಹುಡುಗನ ಕೈಯಿಂದ ಪೊರಕೆ ಕಸಿದುಕೊ. ಅವನು ದಿನಾ ಗುಡಿಸಿ ಎಸೆಯುತ್ತಿರುವುದೇ ನಿನ್ನ ಪ್ರಶ್ನೆಗೆ ಉತ್ತರ.

ನಾನು ವೈದ್ಯನಲ್ಲ. ಸೈನ್ಯದ ರಿಮೌಂಟ್ ವೆಟರ್ನರಿ ಕೋರ್‌ನಲ್ಲಿ ಕುದುರೆ, ಹೇಸರಗತ್ತೆಗಳ ಜೊತೆ ಬಾಳಿ, ಈಗ ಪುಣೆಯಲ್ಲಿ ನೆಲೆಸಿರುವ ವಿಜಯಪುರದವನು. ನಾಳೆ ಬೆಳಿಗ್ಗೆ ಆ ಉಂಡೆಗಳಲ್ಲಿ ಒಂದನ್ನು ಎತ್ತಿಕೊಂಡು ಬಿಡಿಸಿ ನೋಡು. ಜೊಲ್ಲಿನಲ್ಲಿ ಒದ್ದೆಯಾಗಿ ಹಗ್ಗದಂತೆ ಹೊಸೆದುಕೊಂಡಿರುತ್ತದೆ, ಒಳಗಿನ ನಾರು ಬೆರಳುದ್ದ ಉಳಿದಿರುತ್ತದೆ. ಸಾಮಾನ್ಯವಾಗಿ ಹಲ್ಲು ನೋಯುವ ಕುದುರೆ ಹೀಗೆ ಉಗುಳುತ್ತದೆ. ಲದ್ದಿಯಲ್ಲಿ ಇಡೀ ಕಡಲೆ ಬರುವುದೂ ಅದೇ ಕಥೆ. ನೀನು ಕಡಲೆ ಕೊಂಡು ಲಾಯದ ಗುಬ್ಬಿಗಳನ್ನು ಸಾಕುತ್ತಿದ್ದೀಯೆ.

ಕುದುರೆಯ ಹಲ್ಲು ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಮೇಲೆದ್ದು ಬರುತ್ತಲೇ ಇರುತ್ತದೆ, ಮೇವು ಅರೆಯುತ್ತಾ ಸವೆಯುತ್ತದೆ. ಮೇಲ್ದವಡೆ ಕೆಳದವಡೆಗಿಂತ ಅಗಲ. ಹಾಗಾಗಿ ಮೇಲಿನ ದವಡೆ ಹಲ್ಲುಗಳ ಹೊರ ಅಂಚು, ಕೆಳಗಿನವುಗಳ ಒಳ ಅಂಚು ಸರಿಯಾಗಿ ಸವೆಯದೆ ಚೂಪಾಗಿ ಉಳಿಯುತ್ತವೆ. ಒಂದು ಕೆನ್ನೆಯನ್ನು ಕೊಯ್ಯುತ್ತದೆ, ಇನ್ನೊಂದು ನಾಲಿಗೆಯನ್ನು. ಹುಲ್ಲು ಕಡಿಮೆ, ದಾಣಿ ಹೆಚ್ಚು ತಿಂದ ಕುದುರೆಯಲ್ಲಿ ಇದು ಇನ್ನೂ ಬೇಗ, ಏಕೆಂದರೆ ದಾಣಿ ಜಗಿಯುವಾಗ ದವಡೆ ಅಷ್ಟು ಅಗಲವಾಗಿ ಅಡ್ಡ ತಿರುಗುವುದಿಲ್ಲ. ಮತ್ತುಮದ್ದು ಕೊಟ್ಟು, ಬಾಯಿ ಅಗಲಿಸಿ ಹಿಡಿಯುವ ಚೌಕಟ್ಟು ಹಾಕಿ, ದೀಪ ಬಿಟ್ಟು ಕೊನೆಯ ಹಲ್ಲಿನವರೆಗೆ ನೋಡುವ ಪಶುವೈದ್ಯರಿಂದ ಅರ ಹಾಕಿಸು. ತುಟಿ ಎತ್ತಿ ಮುಂದಿನ ಹಲ್ಲು ನೋಡುವವರು ವಯಸ್ಸು ಹೇಳಬಲ್ಲರು, ಅಷ್ಟೇ.

ಇನ್ನು ತೂಕ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸು, ಅದನ್ನು ಉದ್ದದಿಂದ ಗುಣಿಸು, 11,880ರಿಂದ ಭಾಗಿಸು. ನಿನ್ನ ಭೈರ ಸುಮಾರು 368 ಕಿಲೋ. ಅಮೆರಿಕದ ಹೆನೆಕ್ 1983ರಲ್ಲಿ ಮಾಡಿಕೊಟ್ಟ ಒಂದರಿಂದ ಒಂಬತ್ತರ ಅಳತೆಗೋಲಿದೆ: ಕತ್ತು, ಹೆಗಲು, ಭುಜದ ಹಿಂಭಾಗ, ಪಕ್ಕೆ, ಸೊಂಟ, ಬಾಲದ ಬುಡ, ಇವನ್ನು ಕೈಯಿಂದ ಮುಟ್ಟಿ ಅಂಕ ಕೊಡುವುದು. ನೀನು ಹೇಳುವುದನ್ನು ಕೇಳಿದರೆ ಎರಡು ಮೂರರ ನಡುವೆ ಇದ್ದಾನೆ. ಐದಕ್ಕೆ ತರಬೇಕು, ಒಂದೊಂದು ಅಂಕಕ್ಕೆ ಸುಮಾರು ಇಪ್ಪತ್ತು ಕಿಲೋ ಹಿಡಿ. 420 ನಿನ್ನ ಗುರಿ. ಜೋತುಬಿದ್ದ ಹೊಟ್ಟೆಯನ್ನು ನೋಡಿ ದಪ್ಪಗಾದ ಎಂದು ಯಾರಾದರೂ ಹೇಳಿದರೆ ನಂಬಬೇಡ. ಒರಟು ಮೇವು ತಿಂದ ಹೊಟ್ಟೆ ಅದು, ಸಾಲದ್ದಕ್ಕೆ ಹುಳುವೂ ಇರಬಹುದು.

ಮೇವಿನಲ್ಲಿ ನಿನ್ನ ಲೆಕ್ಕ ತಲೆಕೆಳಗಾಗಿದೆ. ಕುದುರೆ ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡರಷ್ಟು ಒಣ ಹುಲ್ಲು ತಿನ್ನಬೇಕು. 420ಕ್ಕೆ ಲೆಕ್ಕ ಹಾಕಿದರೆ ಸುಮಾರು ಎಂಟೂವರೆ ಕಿಲೋ ಆಗುತ್ತದೆ. ಅದನ್ನು ಹಗಲು ರಾತ್ರಿ ಹಂಚಿ ಹಾಕು, ಗೋದಲಿ ಗಂಟೆಗಟ್ಟಲೆ ಖಾಲಿ ಇರಕೂಡದು. ದಾಣಿ ಒಂದು ಹೊತ್ತಿಗೆ ಒಂದೂವರೆ ಕಿಲೋ ದಾಟದಿರಲಿ. ಅವನ ಜಠರ ಎಂಟರಿಂದ ಹದಿನೈದು ಲೀಟರ್ ಹಿಡಿಯುವ ಚಿಕ್ಕ ಚೀಲ. ಮೂರು ಕಿಲೋ ಒಟ್ಟಿಗೆ ಸುರಿದರೆ ಪಿಷ್ಟವೆಲ್ಲ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು ಹುಳಿಯುತ್ತದೆ. ಆಗ ಬರುವುದು ಹೊಟ್ಟೆಶೂಲೆ, ಇಲ್ಲವೇ ಗೊರಸಿನ ಉರಿಯೂತ. ತೂಕ ಬರುವುದಿಲ್ಲ.

ಕಣಿಕೆ ಎತ್ತಿಗೆ ಸೈ. ಕುದುರೆಗೆ ಅದೊಂದೇ ಆದರೆ ಸತ್ವ ಸಾಲದು. ಒಳ್ಳೆಯ ಒಣ ಹುಲ್ಲನ್ನು ಮುಖ್ಯವಾಗಿಟ್ಟು, ಕತ್ತರಿಸಿದ ಕಣಿಕೆಯನ್ನು ಸ್ವಲ್ಪ ಬೆರೆಸು. ಒಂದೂವರೆ ಎರಡು ಕಿಲೋ ಒಣಗಿಸಿದ ಕುದುರೆ ಮೆಂತೆ ಸೇರಿಸು. ಇಲ್ಲಿಯ ಮಂಡಿಯಲ್ಲಿ ಲಸೂನ್ ಘಾಸ್ ಎಂದು ಕೇಳು, ಕೊಡುತ್ತಾರೆ. ಎಳೆಯ ಹಸಿ ಜೋಳವನ್ನು ಮಾತ್ರ ಹತ್ತಿರ ಸೇರಿಸಬೇಡ, ಅದರಲ್ಲಿ ವಿಷವಿರುತ್ತದೆ.

ಬೂಸಾವನ್ನು ಒಂದು ಮುಷ್ಟಿಗೆ ಇಳಿಸು. ಅದರಲ್ಲಿ ರಂಜಕ (ಫಾಸ್ಫರಸ್) ಸುಣ್ಣಕ್ಕಿಂತ (ಕ್ಯಾಲ್ಸಿಯಂ) ಹತ್ತು ಪಟ್ಟು. ವರ್ಷಗಟ್ಟಲೆ ಅದನ್ನೇ ಹಾಕಿದರೆ ದೇಹ ಮೂಳೆಯಿಂದ ಸುಣ್ಣ ಕೀಳುತ್ತದೆ, ಮುಖದ ಮೂಳೆ ಊದುತ್ತದೆ. ಹಿಂದೆ ಗಿರಣಿಯವರ ಕುದುರೆಗಳಿಗೆ ಬರುತ್ತಿದ್ದ ರೋಗವಿದು. ಕಡಲೆಯನ್ನು ಒಡೆದು ನೆನೆಸು. ಹುರುಳಿ ಸಿಕ್ಕರೆ ಬೇಯಿಸಿ ಹಾಕು, ನಮ್ಮ ದಕ್ಷಿಣದ ಹಳೆಯ ಪದ್ಧತಿ ಅದು.

ಖಡಕಿಯವರ ತುಪ್ಪದ ವಿಚಾರದಲ್ಲಿ ಅರ್ಧ ಸತ್ಯವಿದೆ: ಕೊಬ್ಬು ನಿಜಕ್ಕೂ ಮೈ ಹಿಡಿಸುತ್ತದೆ. ಆದರೆ ತುಪ್ಪವನ್ನು ಮನೆಯವರಿಗೆ ಬಿಡಿ, ಕುದುರೆಗೆ ತವುಡಿನ ಎಣ್ಣೆ ಸಾಕು. 50 ಮಿಲಿಲೀಟರಿನಿಂದ ಶುರುಮಾಡಿ ಎರಡು ಮೂರು ವಾರಗಳಲ್ಲಿ 250ಕ್ಕೆ ಏರಿಸು. ಅಷ್ಟು ಎಣ್ಣೆಯಲ್ಲಿ ಮುಕ್ಕಾಲು ಕಿಲೋ ಓಟ್ಸಿನ ಶಕ್ತಿ ಇದೆ, ಪಿಷ್ಟದ ಗೊಡವೆ ಇಲ್ಲ. ದಿನಕ್ಕೆ ಎರಡು ಚಮಚ ಉಪ್ಪು, ಸದಾ ನೀರು. ಮೇವಿನ ಯಾವ ಬದಲಾವಣೆಯನ್ನೂ ಹತ್ತು ಹದಿನೈದು ದಿನಗಳ ಮೇಲೆ ಹಂಚು.

ಬೀದರಿನ ಪಶುವೈದ್ಯೆ, ಸದ್ಯ ಮುಂಬೈ:

ದಫೇದಾರ್ ಅವರ ಮಾತಿಗೆ ನನ್ನ ಸಹಿ ಇದೆ. ಹಲ್ಲು ನೋಡಲು ವೈದ್ಯರು ಹೇಗೂ ಬರುತ್ತಾರೆ, ಅದೇ ದಿನ ರಕ್ತ ಮತ್ತು ಲದ್ದಿಯ ಮಾದರಿಯನ್ನೂ ತೆಗೆಸಿಬಿಡಿ. ಔಂಧ್‌ನಲ್ಲಿ ಪಶುಸಂಗೋಪನಾ ಇಲಾಖೆಯ ರೋಗ ತನಿಖಾ ವಿಭಾಗವಿದೆ, ಶಿರವಳದಲ್ಲಿ ಪಶುವೈದ್ಯ ಕಾಲೇಜಿದೆ. ಮಾದರಿಗಳನ್ನು ಎಲ್ಲಿಗೆ ಕಳಿಸಬೇಕೆಂದು ನಿಮ್ಮ ವೈದ್ಯರು ಹೇಳುತ್ತಾರೆ.

ಮಾರುವವರು ಕೊಟ್ಟ ಜಂತು ಔಷಧವನ್ನು ಲೆಕ್ಕಕ್ಕೆ ಹಿಡಿಯಬೇಡಿ. ತೂಕ ತಿಳಿಯದೆ ಕೊಟ್ಟ ಮದ್ದು ಹುಳುಗಳನ್ನು ಕೊಲ್ಲದೆ ಪಳಗಿಸುತ್ತದೆ. ಲದ್ದಿಯಲ್ಲಿ ಮೊಟ್ಟೆ ಎಣಿಸಿ, ಆಮೇಲೆ ತೂಕಕ್ಕೆ ತಕ್ಕ ಮದ್ದು.

ರಕ್ತದಲ್ಲಿ ನಾನು ಮೊದಲು ಹುಡುಕುವುದು ಸರ್ರಾ. ಟ್ರಿಪನೋಸೋಮಾ ಎಂಬ ಪರೋಪಜೀವಿ, ಕಚ್ಚುವ ದೊಡ್ಡ ನೊಣಗಳಿಂದ ಹರಡುತ್ತದೆ. ಜ್ವರ ಬಂದು ಹೋಗುತ್ತಿರುತ್ತದೆ, ಒಸಡು ಬಿಳಚಿಕೊಳ್ಳುತ್ತದೆ, ಹೊಟ್ಟೆಯಡಿ ಮತ್ತು ಕಾಲುಗಳಲ್ಲಿ ನೀರು ತುಂಬುತ್ತದೆ, ಚೆನ್ನಾಗಿ ತಿನ್ನುತ್ತಲೇ ಕುದುರೆ ಕರಗುತ್ತದೆ. ಜ್ವರವಿದ್ದಾಗ ತೆಗೆದ ರಕ್ತದಲ್ಲಿ ಸುಲಭವಾಗಿ ಕಾಣುತ್ತದೆ, ಆದ್ದರಿಂದ ಬೆಳಿಗ್ಗೆ ಸಂಜೆ ಉಷ್ಣತೆ ಬರೆದಿಡಿ. ರಕ್ತ ಹೀರುವ ಉಣುಗಿನಿಂದ ಬರುವ ಬೆಬೀಸಿಯಾ ಎಂಬ ಪರೋಪಜೀವಿಯನ್ನೂ ನೋಡಿಸಿ. ಮೂಗಿನಿಂದ ಅಂಟಾದ ಸಿಂಬಳ, ಚರ್ಮದ ಮೇಲೆ ಒಡೆಯುವ ಗಂಟು ಕಂಡರೆ ಮುಟ್ಟದೆ ಕೂಡಲೇ ವೈದ್ಯರಿಗೆ ತಿಳಿಸಿ. ಅದು ಗ್ಲ್ಯಾಂಡರ್ಸ್ ರೋಗವಿರಬಹುದು, ಮನುಷ್ಯರಿಗೂ ಅಂಟುತ್ತದೆ.

ರೇಸಿನ ಕುದುರೆ ಎಂದಮೇಲೆ ಜಠರದ ಹುಣ್ಣನ್ನು ಮರೆಯುವಂತಿಲ್ಲ. ಕುದುರೆಯ ಜಠರದಲ್ಲಿ ಆಮ್ಲ ಸದಾ ಸುರಿಯುತ್ತದೆ, ಅದನ್ನು ತಣಿಸುವ ಜೊಲ್ಲು ಮಾತ್ರ ಜಗಿದಾಗಲೇ ಬರುತ್ತದೆ. ಭೈರ ಹಗಲೆಲ್ಲ ಖಾಲಿ ನಿಲ್ಲುತ್ತಾನೆ ಎಂದಿರಿ, ಅದೇ ನನಗೆ ಚಿಂತೆ. ದಾಣಿಯನ್ನು ಅರ್ಧಕ್ಕೆ ಬಿಡುವುದು, ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಒತ್ತುವುದು ಇದ್ದರೆ ವೈದ್ಯರಿಗೆ ಹೇಳಿ. ಆಮ್ಲ ತಗ್ಗಿಸುವ ಒಮೆಪ್ರಜೋಲ್ ಕೆಲಸ ಮಾಡುತ್ತದೆ, ಆದರೆ ಔಷಧದಂಗಡಿಯ ಮನುಷ್ಯರ ಮಾತ್ರೆ ಪುಡಿಮಾಡಿ ಹಾಕಬೇಡಿ. ಹೊದಿಕೆ ಒಡೆದರೆ ಮದ್ದು ಜಠರದಲ್ಲೇ ಹಾಳಾಗುತ್ತದೆ.

ಹಿಂಡಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಕೋಳಿ ಆಹಾರವನ್ನಾಗಲಿ, ಚೀಟಿಯಲ್ಲಿ ಏನಿದೆಯೆಂದು ತಿಳಿಯದ ದನದ ಆಹಾರವನ್ನಾಗಲಿ ಕುದುರೆಗೆ ಹಾಕಬೇಡಿ. ಅವುಗಳಲ್ಲಿ ಬೆರೆಸುವ ಮೊನೆನ್ಸಿನ್ ಕೋಳಿಗೆ, ದನಕ್ಕೆ ಮದ್ದು. ಕುದುರೆಯ ಹೃದಯಕ್ಕೆ ಅಲ್ಪ ಪ್ರಮಾಣದಲ್ಲೂ ವಿಷ.

ಮುಳಶಿ ಸವಾರ:

ಬೇಸಿಗೆ ಮುಗಿಯುತ್ತಾ ಬಂತು, ವರದಿ ಒಪ್ಪಿಸುತ್ತೇನೆ. ಕೆನ್ನೆಯ ಒಳಗೆ ಎರಡೂ ಕಡೆ ಹುಣ್ಣಾಗಿತ್ತು. ವೈದ್ಯರು ನನ್ನ ಬೆರಳನ್ನೇ ಹಿಡಿದು ಹಲ್ಲಿನ ಅಂಚಿಗೆ ಮುಟ್ಟಿಸಿದರು. ಹೊಸ ಗರಗಸ ಸವರಿದ ಹಾಗಿತ್ತು. ಅರ ಹಾಕಿಸಿಯಾಯಿತು. ಕೆಲವೇ ದಿನಗಳಲ್ಲಿ ಗೋದಲಿಯ ಕೆಳಗೆ ಉಂಡೆ ಬೀಳುವುದು ನಿಂತಿತು. ಲದ್ದಿಯಲ್ಲಿ ಹುಳುವಿನ ಮೊಟ್ಟೆ ಬೇಕಾದಷ್ಟು ಇತ್ತು, ಅದಕ್ಕೂ ಮದ್ದಾಯಿತು. ಮೇಡಂ, ರಕ್ತ ಶುದ್ಧವಾಗಿದೆ, ಜಠರದ ಹುಣ್ಣಿನ ಲಕ್ಷಣವೂ ಇಲ್ಲ ಎಂದರು.

ಈಗ ಸುತ್ತಳತೆ 174, ಲೆಕ್ಕದ ಪ್ರಕಾರ 395 ಕಿಲೋ. ಪಕ್ಕೆಲುಬು ಮುಟ್ಟಿದರೆ ಸಿಗುತ್ತದೆ, ದೂರದಿಂದ ಕಾಣುವುದಿಲ್ಲ. ಬೆನ್ನಿನ ಹಳ್ಳ ಮಾತ್ರ ಇನ್ನೂ ತುಂಬಿಲ್ಲ.

ಕಾಕಾ, ಮಳೆಗಾಲದ ಭಯ ಶುರುವಾಗಿದೆ. ಮುಳಶಿಯ ಮಳೆ ನಿಮಗೆ ಗೊತ್ತಲ್ಲ. ಕಳೆದ ಸಲ ಈ ಲಾಯದಲ್ಲಿ ಹುಲ್ಲೆಲ್ಲ ಬೂಸ್ಟು ಹಿಡಿದಿತ್ತಂತೆ. ಬಂದ ತೂಕವನ್ನು ಉಳಿಸಿಕೊಳ್ಳುವುದು ಹೇಗೆ?

ಮಾಜಿ ದಫೇದಾರ:

ಶಾಬಾಸ್. ಆ ಹುಡುಗನಿಗೂ ಏನಾದರೂ ಕೊಡು, ಉಂಡೆ ಬೀಳುವುದು ನಿಂತದ್ದನ್ನು ಮೊದಲು ನೋಡಿದವನು ಅವನೇ ಇರಬೇಕು.

ಬೆನ್ನಿನ ಹಳ್ಳವನ್ನು ಮೇವೊಂದೇ ತುಂಬುವುದಿಲ್ಲ. ಅಲ್ಲಿ ಬೇಕಾದದ್ದು ಮಾಂಸಖಂಡ, ಅದಕ್ಕೆ ಕೆಲಸ ಬೇಕು. ಲಾಯದ ಹಿಂದಿನ ದಿಬ್ಬದಲ್ಲಿ ಮೊದಲು ಹಗ್ಗ ಹಿಡಿದು ನಡೆಸು, ತಲೆ ತಗ್ಗಿಸಿ ಏರಲಿ. ಆಮೇಲೆ ಜೀನು ಹಾಕಿ ಅದೇ ನಡಿಗೆ. ಓಟ ಸದ್ಯಕ್ಕೆ ಬೇಡ, ಅವನು ಅದನ್ನು ಸಾಕಷ್ಟು ಓಡಿದ್ದಾನೆ. ಜೀನಿನ ಅಳತೆಯನ್ನು ಮತ್ತೆ ನೋಡಿಸು, ಮೈ ಬದಲಾದಂತೆ ಅದು ಬೇರೆ ಕಡೆ ಒತ್ತುತ್ತದೆ.

420 ಮುಟ್ಟಿದ ದಿನ ಎಲ್ಲವನ್ನೂ ಒಟ್ಟಿಗೆ ಕಡಿಮೆ ಮಾಡುವವರೇ ಹೆಚ್ಚು. ದೀಪಾವಳಿಯ ಹೊತ್ತಿಗೆ ಪಕ್ಕೆ ಮತ್ತೆ ಕಾಣುತ್ತದೆ. ಮೊದಲು ದಾಣಿ ಇಳಿಸು, ಆಮೇಲೆ ಎಣ್ಣೆ, ಅದೂ ವಾರವಾರ ಸ್ವಲ್ಪಸ್ವಲ್ಪ. ಹುಲ್ಲನ್ನು ಮುಟ್ಟಲೇಬೇಡ. ಪ್ರತಿ ಭಾನುವಾರ ಬೆಳಿಗ್ಗೆ ದಾಣಿಗೆ ಮುಂಚೆ ಟೇಪು ಹಿಡಿದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆ. ಎರಡು ವಾರ ಸತತವಾಗಿ ಇಳಿದರೆ ಕಾರಣ ಹುಡುಕು. ಹಲ್ಲನ್ನು ಆರು ತಿಂಗಳಿಗೆ ಇನ್ನೊಮ್ಮೆ ತೋರಿಸು, ನಂತರ ವರ್ಷಕ್ಕೊಮ್ಮೆ. ಮಳೆ ನಿಂತ ಮೇಲೆ ನೊಣ ಏಳುತ್ತದೆ. ಲದ್ದಿ ಗುಂಡಿ ಲಾಯದಿಂದ ದೂರವಿರಲಿ, ಸಂಜೆ ಒಂದಿಷ್ಟು ಹೊಗೆ ಹಾಕಿಸಿದರೂ ಮುಖ ಹೊಗೆಯಲ್ಲಿ ಸಿಗದಂತೆ ನೋಡಿಕೊ.

ಬೂಸ್ಟು ಹಿಡಿದ ಹುಲ್ಲನ್ನು ಬಿಸಿಲಿಗೆ ಹಾಕಿ ಕೊಡಬಹುದೇ ಎಂದು ನೀನು ಕೇಳುವುದಕ್ಕೆ ಮುಂಚೆಯೇ ಹೇಳುತ್ತೇನೆ: ಕೊಡಕೂಡದು. ಕೆಮ್ಮು ಹಿಡಿಯುತ್ತದೆ, ಹೊಟ್ಟೆಶೂಲೆಯೂ ಬರಬಹುದು. ನೆಲಕ್ಕೆ ಮರದ ಅಟ್ಟಣೆ ಹಾಕಿ ಅದರ ಮೇಲೆ ಒಟ್ಟು, ಗೋಡೆಯಿಂದ ಒಂದು ಮೊಳ ಬಿಡು. ಮೇಲೆ ತಾಡಪತ್ರಿ ಇರಲಿ, ಬದಿಗಳನ್ನು ಮುಚ್ಚಬೇಡ. ಕಂತೆಯ ನಡುವೆ ಕೈ ತೂರಿಸಿದಾಗ ಬೆಚ್ಚಗಿದ್ದರೆ ಅದನ್ನು ಆಚೆ ತೆಗೆ.

ಈ ವರ್ಷ ಹೇಗೋ ಸಾಗುತ್ತದೆ. ಮುಂದಿನ ಸಲ ಜೂನಿನಲ್ಲಿ ಹುಲ್ಲು ಹುಡುಕಿ ಹೊರಡಬೇಡ. ಸೊಲ್ಲಾಪುರದ ಕಡೆ ಹಿಂಗಾರಿ ಮಾಲದಂಡಿ ಜೋಳದ ಸುಗ್ಗಿ ಫೆಬ್ರವರಿ, ಮಾರ್ಚ್‌ನಲ್ಲಿ. ಕಣಿಕೆ ಆಗ ಅಗ್ಗ, ಒಣಗಿಯೂ ಇರುತ್ತದೆ. ಒಣ ಹುಲ್ಲು, ಕುದುರೆ ಮೆಂತೆಯನ್ನೂ ಆಗಲೇ ತುಂಬಿಸಿಕೊ. ಒಂದು ಲಾರಿ ನಿನ್ನೊಬ್ಬನಿಗೆ ಹೆಚ್ಚಾಗುತ್ತದೆ, ಲಾಯದಲ್ಲಿ ಇನ್ನಿಬ್ಬರನ್ನು ಈಗಲೇ ಒಪ್ಪಿಸಿಡು.