ಅಪರೂಪದ ಕಾಯಿಲೆಗೆ ಔಷಧ ಹುಡುಕುವ ಸಣ್ಣ ಕಂಪನಿಗೆ ಸೇರಲೇ?

ಒಂಟಿಕೊಪ್ಪಲ್_ಹುಡುಗ ಕೇಳಿದ್ದು:

ಮೈಸೂರಿನಲ್ಲಿ ಜೀವರಸಾಯನ ವಿಜ್ಞಾನದ ಪಿಎಚ್‌.ಡಿ. ಮುಗಿಯುತ್ತಾ ಬಂದಿದೆ. ಎರಡು ಕಡೆ ಕೆಲಸ ಸಿಕ್ಕಿದೆ. ಒಂದು, ವಿದೇಶಿ ಔಷಧ ಕಂಪನಿಗಳಿಗೆ ಗುತ್ತಿಗೆಯ ಮೇಲೆ ಸಂಶೋಧನೆ ಮಾಡಿಕೊಡುವ ದೊಡ್ಡ ಸಂಸ್ಥೆ. ಇನ್ನೊಂದು ಬೆಂಗಳೂರಿನ ಹನ್ನೊಂದು ಜನರ ನವೋದ್ಯಮ. ಹೆಚ್ಚಾಗಿ ಗಂಡುಮಕ್ಕಳಲ್ಲಿ ಸ್ನಾಯುಗಳು ಕ್ರಮೇಣ ಸವೆಯುವ ಆನುವಂಶಿಕ ಕಾಯಿಲೆ ಡುಷೆನ್ ಸ್ನಾಯುಕ್ಷಯಕ್ಕೆ ಎಕ್ಸಾನ್ ಸ್ಕಿಪ್ಪಿಂಗ್ ಔಷಧ (ಜೀನಿನ ಒಂದು ತುಣುಕನ್ನು ಬಿಟ್ಟು ಓದುವಂತೆ ಮಾಡುವ ಔಷಧ) ಮಾಡುತ್ತಿದ್ದಾರೆ. ಸಂಬಳ ಮೂರನೇ ಒಂದು ಭಾಗ ಕಡಿಮೆ, ಬದಲಿಗೆ ಷೇರು ಕೊಡುತ್ತಾರಂತೆ. ಅಪ್ಪನಿಗೆ ಸುತರಾಂ ಇಷ್ಟವಿಲ್ಲ. ಅಲ್ಲಿನ ದಿನಚರಿ ನಿಜವಾಗಿ ಹೇಗಿರುತ್ತದೆ?

ಮೈನಸ್_ಎಂಬತ್ತು ಉತ್ತರ:

ಇಂಥದೇ ಕಂಪನಿಯಲ್ಲಿ, ಇದೇ ಕಾಯಿಲೆಯ ಮೇಲೆ ಕೆಲಸ ಮಾಡುತ್ತಿರುವವಳು ನಾನು.

ಮೊದಲು ಡಿಸ್ಟ್ರೋಫಿನ್ ವಿಷಯ. ನಿಮ್ಮ ಬಹುಪಾಲು ದಿನಗಳು ಅದರೊಂದಿಗೇ ಕಳೆಯಲಿವೆ. ಸ್ನಾಯುಗಳನ್ನು ಗಟ್ಟಿಯಾಗಿಡುವ, ಈ ಕಾಯಿಲೆಯಲ್ಲಿ ಇಲ್ಲವಾಗುವ, 427 ಕಿಲೋಡಾಲ್ಟನ್ ತೂಕದ ದೈತ್ಯ ಪ್ರೋಟೀನ್ ಅದು. ಪ್ರೋಟೀನ್ ಪತ್ತೆಹಚ್ಚಲು ನೀವು ಕಲಿತಿರುವ ವೆಸ್ಟರ್ನ್ ಬ್ಲಾಟ್ ವಿಧಾನ ಇದ್ದ ಹಾಗೇ ಅದರ ಮುಂದೆ ನಡೆಯುವುದಿಲ್ಲ. ಜೆಲ್‌ನ ಸಾಂದ್ರತೆ ತಗ್ಗಿಸಬೇಕು, ಮೆಂಬ್ರೇನಿಗೆ ಇಳಿಯಲು ಇಡೀ ರಾತ್ರಿ ಶೀತಲ ಕೋಣೆಯಲ್ಲಿ ಬಿಡಬೇಕು. ಬೆಳಿಗ್ಗೆ ಬಂದು ನೋಡಿದರೆ ಪ್ರೋಟೀನಿನ ಗೆರೆ ಮೂಡಿದೆಯೋ ಇಲ್ಲವೋ ಎಂದು ಮೂವರು ಜಗಳವಾಡುವಷ್ಟು ಮಸುಕು. ಹೂಡಿಕೆದಾರರ ಮುಂದಿಡುವ ಚಿತ್ರವೂ ಅದೇ!

ಉಳಿದದ್ದು ಕಾಯುವ ಕೆಲಸ. ಆ ಪ್ರೋಟೀನನ್ನು ಗುರುತಿಸುವ ಪ್ರತಿಕಾಯ ವಿದೇಶದಿಂದ ಬರಬೇಕು. ಕಸ್ಟಮ್ಸ್‌ನಲ್ಲಿ ಪೆಟ್ಟಿಗೆ ನಿಂತು ಡ್ರೈ ಐಸ್ ಆವಿಯಾಯಿತೆಂದರೆ ಮತ್ತೆ ಮೊದಲಿನಿಂದ ತರಿಸಬೇಕು. ಫ್ರೀಜರಿನ ಉಷ್ಣತೆ ಏರಿದರೆ ಎಚ್ಚರಿಕೆಯ ಕರೆ ಬರುವುದು ನನ್ನ ಮೊಬೈಲಿಗೆ. ಒಮ್ಮೆ ಮದುವೆಯ ಪಂಕ್ತಿಯಿಂದಲೇ ಎದ್ದು ಓಡಿದ್ದೇನೆ, ಹೋಳಿಗೆ ಬಡಿಸುವ ಹೊತ್ತಿಗೆ.

ಆದರೆ ಕಂಪನಿಯ ಹಣೆಬರಹ ಬರೆಯುವುದು ಬೇರೆಯದೇ ಲೆಕ್ಕ. ಡಿಸ್ಟ್ರೋಫಿನ್ ಜೀನಿನಲ್ಲಿ 79 ಎಕ್ಸಾನ್‌ಗಳಿವೆ, ಅಂದರೆ ಪ್ರೋಟೀನ್ ಕಟ್ಟುವ ಸೂಚನೆ ಹೊತ್ತ ತುಣುಕುಗಳು. ಒಬ್ಬೊಬ್ಬ ಹುಡುಗನಲ್ಲಿ ಒಂದೊಂದು ಕಡೆ ದೋಷ. ಅಮೆರಿಕದಲ್ಲಿ 2016ರಲ್ಲಿ ಅನುಮತಿ ಪಡೆದ ಎಟೆಪ್ಲಿರ್ಸೆನ್ ಎಕ್ಸಾನ್ 51ನ್ನು ದಾಟಿಸುವ ಔಷಧ; ಅದು ಹೊಂದುವುದು ಸುಮಾರು 13% ರೋಗಿಗಳಿಗೆ ಮಾತ್ರ. ಅಪರೂಪದ ಕಾಯಿಲೆಯೊಳಗೆ ಇನ್ನಷ್ಟು ಅಪರೂಪದ ಗುಂಪುಗಳು. ಜೀನ್ ಪರೀಕ್ಷೆಯೇ ಆಗದ ಮಕ್ಕಳ ನಡುವೆ, ಪ್ರಯೋಗಕ್ಕೆ ಹೊಂದುವ ಒಂದೇ ಬಗೆಯ ದೋಷದವರನ್ನು ಹುಡುಕಬೇಕು. ಆದ್ದರಿಂದ ಅವರು ಯಾವ ಎಕ್ಸಾನ್ ಹಿಡಿದಿದ್ದಾರೆ, ಎಷ್ಟು ಕುಟುಂಬಗಳ ಸಂಪರ್ಕವಿದೆ, ಕೈಯಲ್ಲಿ ಎಷ್ಟು ತಿಂಗಳ ಹಣವಿದೆ ಎಂದು ಸಂಕೋಚವಿಲ್ಲದೆ ಕೇಳಿ. ಜೈವಿಕ ತಂತ್ರಜ್ಞಾನದ ಹೊಸ ಕಂಪನಿಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್‌ನ ಬಿಗ್ ಎಂಬ ಆರಂಭಿಕ ಅನುದಾನ ಸಿಕ್ಕಿದೆ ಎಂದರೆ ಸಂತೋಷ, ಆದರೆ ಅದು 18 ತಿಂಗಳಿಗೆ 50 ಲಕ್ಷ ರೂಪಾಯಿವರೆಗೆ. ಪ್ರಾಣಿಗಳ ಮೇಲಿನ ವಿಷಪರೀಕ್ಷೆಯ ಹೊತ್ತಿಗೆ ಕೋಟಿಗಳ ಮಾತು ಶುರುವಾಗುತ್ತದೆ.

ತೋಟದ_ಮನೆ ಉತ್ತರ:

ನಾನು ವಿಜ್ಞಾನಿಯಲ್ಲ, ನನ್ನ ಮಗನಿಗೆ ಡುಷೆನ್ ಇದೆ. ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಈಗ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಹೊರದೇಶದ ಎಕ್ಸಾನ್ ಔಷಧಕ್ಕೆ ವರ್ಷಕ್ಕೇ ಕೋಟಿಗಳು ಬೇಕು. ಹಾಗಾಗಿ ನಿಮ್ಮಂಥವರು ಅಲ್ಲಿಗೆ ಸೇರಲಿ ಎಂಬ ಆಸೆ ನನಗಿದೆ, ಮುಚ್ಚಿಡುವುದಿಲ್ಲ. ಸೇರಿದರೆ ನಮ್ಮಂಥವರು ಫೋನ್ ಮಾಡುತ್ತೇವೆ. ಆಗ "ಇನ್ನೆರಡು ವರ್ಷ" ಎಂದು ಸಮಾಧಾನಕ್ಕೂ ಹೇಳಬೇಡಿ. ನಾವು ಕ್ಯಾಲೆಂಡರ್ ನೋಡಿ ಲೆಕ್ಕ ಹಾಕುತ್ತೇವೆ. ಗೊತ್ತಿಲ್ಲ ಎಂದರೆ ತಡೆದುಕೊಳ್ಳಬಲ್ಲೆವು.

ಒಂಟಿಕೊಪ್ಪಲ್_ಹುಡುಗ:

ಇಬ್ಬರಿಗೂ ಧನ್ಯವಾದ. ಕೇಳಿದೆ. ಎಕ್ಸಾನ್ 51 ಎಂದರು. ಹಣ ಬರುವ ಮಾರ್ಚ್‌ವರೆಗೆ ಇದೆಯಂತೆ. ಕುಟುಂಬಗಳ ಬಗ್ಗೆ ಮಾತು ತೇಲಿಸಿದರು.

ಮೈನಸ್_ಎಂಬತ್ತು:

51ಕ್ಕೆ ಔಷಧ ಈಗಾಗಲೇ ಇದೆಯಲ್ಲ. ಇವರದು ಸ್ನಾಯುವಿನೊಳಗೆ ಅದಕ್ಕಿಂತ ಚೆನ್ನಾಗಿ ಸೇರುತ್ತದೆಯೇ, ಅಥವಾ ಬೆಲೆ ಕಡಿಮೆಯೇ? ಬೆಲೆ ಕಡಿಮೆ ಎಂಬುದೂ ನಮ್ಮ ದೇಶದಲ್ಲಿ ಗೌರವದ ಉತ್ತರವೇ, ಅಂಕಿ ತೋರಿಸಿದರೆ. ಕುಟುಂಬಗಳ ವಿಷಯ ತೇಲಿಸಿದ್ದು ನನಗೆ ಹಿಡಿಸಲಿಲ್ಲ. ಮಾರ್ಚ್‌ಗಿಂತ ಅದೇ ಹೆಚ್ಚು ಚಿಂತೆಯ ಸಂಗತಿ. ಇನ್ನೊಮ್ಮೆ ಕೇಳಿ, ಈ ಸಲ ಸ್ಥಾಪಕರನ್ನು ಬಿಟ್ಟು ಅಲ್ಲಿನ ಕಿರಿಯ ಸಂಶೋಧಕರನ್ನು. ಷೇರನ್ನು ಸೊನ್ನೆ ಎಂದೇ ಹಿಡಿಯಿರಿ. ಉಳಿದ ಸಂಬಳದಲ್ಲಿ ಬೆಂಗಳೂರಿನ ಬಾಡಿಗೆ ಕಟ್ಟಿ ಮನೆಗೂ ಒಂದಿಷ್ಟು ಕಳುಹಿಸಲು ಆಗುತ್ತದೆ ಎಂದಾದರೆ ಮಾತ್ರ ಅಪ್ಪನ ಹತ್ತಿರ ಮಾತು ತೆಗೆಯಿರಿ.