ಹಾಳಾದ ಮೂಳೆಯ ಡಿಎನ್‌ಎಗೆ ಸ್ನಿಪ್ ಟೈಪಿಂಗ್: ವಿಧಾನವನ್ನು ಒರೆಗೆ ಹಚ್ಚುವುದು ಹೇಗೆ?

ಕೀರ್ತನಾ ಎಂ.
ಬಹುಕಾಲ ಮಣ್ಣಿನಲ್ಲಿದ್ದ ಮೂಳೆಯಲ್ಲಿ ಡಿಎನ್‌ಎ ತುಂಡುತುಂಡಾಗಿರುತ್ತದೆ. ಎಸ್‌ಟಿಆರ್ ಕಿಟ್‌ನಲ್ಲಿ (ಮತ್ತೆ ಮತ್ತೆ ಬರುವ ಚಿಕ್ಕ ಡಿಎನ್‌ಎ ಸರಣಿಗಳನ್ನು ಎಣಿಸುವ ಮಾಮೂಲಿ ಗುರುತು ಪರೀಕ್ಷೆ) 300–400 ಬೇಸ್ (ಡಿಎನ್‌ಎ ಅಕ್ಷರ) ಉದ್ದದ ಮಾರ್ಕರ್‌ಗಳೇ ಮೊದಲು ಕೈಕೊಡುತ್ತವೆ. ಸ್ನಿಪ್‌ಗಾದರೆ, ಅಂದರೆ ಜನರ ನಡುವೆ ಒಂದೇ ಬೇಸ್ ಬದಲಾಗುವ ಜಾಗಕ್ಕೆ, ನೂರು ಬೇಸ್ ಆಸುಪಾಸಿನ ತುಂಡು ಸಾಕು. ಇದಕ್ಕೆ ಈಗಿರುವ ಕ್ಯಾಪಿಲರಿ ಯಂತ್ರದಲ್ಲೇ (ತುಂಡುಗಳನ್ನು ಬೇರ್ಪಡಿಸಿ ಬಣ್ಣದ ಪೀಕ್‌ಗಳಾಗಿ ತೋರಿಸುವುದು) ಸ್ನ್ಯಾಪ್‌ಶಾಟ್ (ಪ್ರೈಮರ್ ಎಂಬ ಚಿಕ್ಕ ಡಿಎನ್‌ಎ ತುಂಡಿಗೆ ಬಣ್ಣದ ಒಂದೇ ಬೇಸ್ ಸೇರಿಸಿ ಸ್ನಿಪ್ ಓದುವ ವಿಧಾನ) ಮಾಡಿದರೆ ಆಗದೇ? ಬೇಸ್‌ಗಳನ್ನು ಸಾಲಾಗಿ ಓದುವ ಸೀಕ್ವೆನ್ಸಿಂಗ್‌ಗೇ ಹೋಗಬೇಕೇ?

ರಘುನಂದನ್
ಸ್ನ್ಯಾಪ್‌ಶಾಟ್ ಧಾರಾಳವಾಗಿ ಸಾಕು. ಯುರೋಪಿನ ಎಸ್‌ಎನ್‌ಪಿಫಾರ್‌ಐಡಿ ಕೂಟ 2006ರಲ್ಲಿ ಪ್ರಕಟಿಸಿದ 52 ಸ್ನಿಪ್‌ಗಳ ಸೆಟ್ಟಿನಲ್ಲಿ ಪಿಸಿಆರ್ (ಡಿಎನ್‌ಎ ತುಂಡಿನ ಪ್ರತಿಗಳನ್ನು ಹೆಚ್ಚಿಸುವ ಕ್ರಿಯೆ) ತುಂಡುಗಳು 59ರಿಂದ 115 ಬೇಸ್ ಮಾತ್ರ. ಎರಡೂ ಅಲೀಲ್ (ಸ್ನಿಪ್‌ನ ಎರಡು ರೂಪ) ಜನರಲ್ಲಿ ಸಮ ಪ್ರಮಾಣದಲ್ಲಿರುವ ಸ್ನಿಪ್‌ನಲ್ಲಿ ಸಂಬಂಧವಿಲ್ಲದ ಇಬ್ಬರು ಆಕಸ್ಮಿಕವಾಗಿ ಹೊಂದುವ ಸಾಧ್ಯತೆ 0.375. ಅಂಥ 50 ಸ್ನಿಪ್‌ಗಳನ್ನು ಗುಣಿಸಿದರೆ ಹತ್ತರ ಮೈನಸ್ 21ನೇ ಘಾತದ ಹತ್ತಿರ ಬರುತ್ತದೆ. ಗುರುತಿಗೆ ಇನ್ನೇನು ಬೇಕು?

ಫಾತಿಮಾ ಎಸ್.
ಲೆಕ್ಕ ಸರಿ ಸರ್, ಆದರೆ ಮೇಜಿನ ಮೇಲೆ ಅದು ಅಷ್ಟು ಸಲೀಸಲ್ಲ. ಪಿಸಿಆರ್ ಆದಮೇಲೆ ಉಳಿದ ಪ್ರೈಮರ್, ನ್ಯೂಕ್ಲಿಯೊಟೈಡ್ (ಬಿಡಿ ಬೇಸ್) ತೊಲಗಿಸುವ ಎಕ್ಸೊ-1 ಮತ್ತು ಎಸ್‌ಎಪಿ ಕಿಣ್ವ ಹಾಕಿ 37 ಡಿಗ್ರಿಯಲ್ಲಿ ಇಡಬೇಕು. ಆಗ ಸಾಮಾನ್ಯ ನ್ಯೂಕ್ಲಿಯೊಟೈಡ್ ಸರಿಯಾಗಿ ಹೋಗದಿದ್ದರೆ ಪ್ರೈಮರ್ ಒಂದೇ ಬೇಸ್‌ಗೆ ನಿಲ್ಲದೆ ಮುಂದಕ್ಕೂ ಬೆಳೆಯುತ್ತದೆ. ಎಕ್ಸ್‌ಟೆನ್ಶನ್ (ಪ್ರೈಮರ್‌ಗೆ ಬೇಸ್ ಸೇರಿಸುವ ಹಂತ) ಮುಗಿದ ಮೇಲೆ ಮತ್ತೊಮ್ಮೆ ಎಸ್‌ಎಪಿ. ಅದನ್ನು ಬಿಟ್ಟರೆ ಬಣ್ಣ ಅಂಟಿದ ಬಿಡಿ ನ್ಯೂಕ್ಲಿಯೊಟೈಡ್‌ಗಳು ಸಣ್ಣ ತುಂಡುಗಳ ಜೊತೆಗೇ ಓಡಿ, ನಿಜವಾದ ಪೀಕ್ ಇರಬೇಕಾದ ಕಡೆ ದಪ್ಪ ಕಲೆಯಾಗಿ ಕೂರುತ್ತವೆ.

ಬಣ್ಣಗಳ ತೊಂದರೆ ಬೇರೆ. ಜಿ ನೀಲಿ, ಎ ಹಸಿರು, ಸಿ ಕಪ್ಪು, ಟಿ ಕೆಂಪು. ನಾಲ್ಕರ ಹೊಳಪೂ ಒಂದೇ ಅಲ್ಲ. ಹಾಗಾಗಿ ಅಪ್ಪಟ ಹೆಟೆರೊಜೈಗೋಟ್‌ನಲ್ಲೂ (ಎರಡು ಬೇರೆ ಅಲೀಲ್ ಇರುವ ಸ್ನಿಪ್) ಎರಡು ಪೀಕ್‌ಗಳ ಎತ್ತರ ಸಮ ಬರುವುದಿಲ್ಲ. ಒಂದೇ ಪ್ರೈಮರ್ ಆದರೂ ಬಣ್ಣ ಬದಲಾದರೆ ಓಡುವ ವೇಗವೂ ಬದಲಾಗುತ್ತದೆ. ಪೀಕ್‌ಗಳು ಬೇರೆ ಬೇರೆ ಜಾಗದಲ್ಲಿ ಬರಲೆಂದು ಪ್ರೈಮರ್‌ಗೆ ಸೇರಿಸುವ ಬಾಲಗಳ ಉದ್ದದ ಮಧ್ಯೆ ನಾಲ್ಕೈದು ಬೇಸ್ ಅಂತರ ಇಡಲೇಬೇಕು. ಅದಕ್ಕೇ ಆ 52 ಸ್ನಿಪ್‌ಗಳನ್ನು 23 ಮತ್ತು 29 ಎಂದು ಎರಡು ಎಕ್ಸ್‌ಟೆನ್ಶನ್ ರಿಯಾಕ್ಷನ್‌ಗೆ ಹಂಚಿದ್ದು. ಸೀಕ್ವೆನ್ಸಿಂಗ್‌ನಲ್ಲಿ ಈ ಕಾಟ ಇಲ್ಲ. ಒಂದು ಸ್ನಿಪ್‌ಗೆ 2,000 ರೀಡ್ (ಯಂತ್ರ ಓದಿದ ತುಂಡುಗಳು) ಬಂದರೆ ಎರಡು ಅಲೀಲ್‌ಗಳನ್ನು ನೇರವಾಗಿ ಎಣಿಸಬಹುದು.

ಶ್ರೀಹರ್ಷ ಜಿ.
ಮೇಡಂ, ಆ 2,000 ರೀಡ್ ನಂಬಿಯೇ ಜನ ಎಡವುತ್ತಾರೆ. ಅವು ಪಿಸಿಆರ್ ಪ್ರತಿಗಳು, ಮೂಳೆಯಿಂದ ಬಂದ ಮೂಲ ಅಣುಗಳಲ್ಲ. ಒಂದು ಜೀವಕೋಶದಲ್ಲಿ ಸುಮಾರು 6 ಪಿಕೊಗ್ರಾಂ ಡಿಎನ್‌ಎ. 31 ಪಿಕೊಗ್ರಾಂ ಹಾಕಿದರೆ ಐದು ಕೋಶ, ಅಂದರೆ ಹೆಟೆರೊಜೈಗೋಟ್‌ನಲ್ಲಿ ಪ್ರತಿ ಅಲೀಲ್‌ಗೆ ಐದೇ ಪ್ರತಿ. ತುಂಡಾಗಿರುವುದರಿಂದ ಒಂದೊಂದು ಪ್ರತಿ ಪಿಸಿಆರ್‌ಗೆ ಸಿಗುವ ಸಾಧ್ಯತೆ ನೂರಕ್ಕೆ 30 ಎಂದುಕೊಳ್ಳಿ. ಐದೂ ತಪ್ಪಿಹೋಗುವ ಸಾಧ್ಯತೆ 0.7ರ ಐದನೇ ಘಾತ, ಸುಮಾರು 0.17. ಎರಡರಲ್ಲಿ ಒಂದೇ ಅಲೀಲ್ ಉಳಿಯುವುದು ಸುಮಾರು 0.28. ಐವತ್ತು ಸ್ನಿಪ್‌ಗಳಲ್ಲಿ 25 ಹೆಟೆರೊಜೈಗೋಟ್ ಇದ್ದರೆ ಏಳು ಸುಳ್ಳು ಹೋಮೊಜೈಗೋಟ್, ಅಂದರೆ ಒಂದೇ ಅಲೀಲ್ ಇರುವಂತೆ ಕಾಣುತ್ತವೆ. ಪೀಕ್ ಚೆನ್ನಾಗಿರುತ್ತದೆ, ರೀಡ್ ಸಾವಿರಗಟ್ಟಲೆ ಇರುತ್ತದೆ, ಉತ್ತರ ಮಾತ್ರ ತಪ್ಪು. ಯಂತ್ರ ಯಾವುದಾದರೂ ಇದು ತಪ್ಪಿದ್ದಲ್ಲ.

ಆದ್ದರಿಂದ ಶುದ್ಧ ಕಂಟ್ರೋಲ್ ಡಿಎನ್‌ಎ 1 ನ್ಯಾನೊಗ್ರಾಂ ಹಾಕಿ ನೂರಕ್ಕೆ ನೂರು ತಾಳೆಯಾಯಿತು ಎಂದು ಬರೆದ ವ್ಯಾಲಿಡೇಶನ್ (ವಿಧಾನವನ್ನು ಒರೆಗೆ ಹಚ್ಚಿದ) ವರದಿ ಮೂಳೆಯ ಕೆಲಸಕ್ಕೆ ಬರುವುದಿಲ್ಲ. ಜೀನೋಟೈಪ್ (ಅಲೀಲ್ ಜೋಡಿ) ಗೊತ್ತಿರುವ ಡಿಎನ್‌ಎಯನ್ನೇ ಸೋನಿಕೇಟರ್‌ನಲ್ಲಿ 150 ಬೇಸ್ ಸುತ್ತಮುತ್ತ ತುಂಡುಮಾಡಿ. 500, 250, 125, 62, 31 ಪಿಕೊಗ್ರಾಂ, ಪ್ರತಿಯೊಂದನ್ನೂ ಕನಿಷ್ಠ ಐದು ಸಲ. ಇನ್ನೊಂದು ಸಾಲಿನಲ್ಲಿ ಹ್ಯೂಮಿಕ್ ಆಸಿಡ್ ಬೆರೆಸಿ. ಮಣ್ಣಿನ ಮೂಳೆಯಲ್ಲಿ ಪಿಸಿಆರ್ ನಿಲ್ಲಿಸುವುದು ಮುಖ್ಯವಾಗಿ ಅದೇ. ಆಮೇಲೆ ಸ್ನಿಪ್‌ವಾರು ಡ್ರಾಪ್‌ಔಟ್ (ಅಲೀಲ್ ಬಿಟ್ಟುಹೋಗುವುದು) ಎಣಿಸಿ.

ರಘುನಂದನ್
ಒಪ್ಪಿದೆ. ಹಾಗಾದರೆ ಎಕ್ಸ್‌ಟ್ರ್ಯಾಕ್ಟನ್ನು (ಮೂಳೆಯಿಂದ ತೆಗೆದ ಡಿಎನ್‌ಎ ದ್ರಾವಣ) ಮೂರು ಪಾಲು ಮಾಡಿ ಮೂರು ಸಲ ಪಿಸಿಆರ್ ಮಾಡೋಣವೇ?

ಶ್ರೀಹರ್ಷ ಜಿ.
ಒಟ್ಟು 31 ಪಿಕೊಗ್ರಾಂ ಮಾತ್ರ ಇದ್ದರೆ ಬೇಡ. ಪಾಲು ಮಾಡಿದಷ್ಟೂ ಒಂದೊಂದರಲ್ಲಿ ಡ್ರಾಪ್‌ಔಟ್ ಹೆಚ್ಚುತ್ತದೆ. 150ರ ಮೇಲಿದ್ದರೆ ಮಾಡಬಹುದು. ಅಳೆಯುವಾಗ ಸಣ್ಣ ಟಾರ್ಗೆಟ್‌ನ ಅಂಕಿ ನೋಡಿ. ಡಿಎನ್‌ಎ ಪ್ರಮಾಣ ಅಳೆಯುವ ಕ್ವಾಂಟಿಫೈಲರ್ ಟ್ರಯೊ ಕಿಟ್‌ನಲ್ಲಿ ಸಣ್ಣದು 80 ಬೇಸ್, ದೊಡ್ಡದು 214. ಸ್ನಿಪ್‌ಗೆ ಎಷ್ಟು ಸಿಗುತ್ತದೆ ಎಂಬುದಕ್ಕೆ ಹತ್ತಿರದ್ದು 80ರದ್ದೇ.

ಫಾತಿಮಾ ಎಸ್.
ಡ್ರಾಪ್‌ಔಟ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಮಿಶ್ರ ಮಾದರಿಯ ವಿಷಯದಲ್ಲಿ ಮಾತ್ರ ನಾನು ಸೀಕ್ವೆನ್ಸಿಂಗ್ ಪರ. ಸಾಮೂಹಿಕ ಸಮಾಧಿಯಲ್ಲಿ ಮೂಳೆಗಳು ಬೆರೆತಿರುತ್ತವೆ. ಒಬ್ಬರದೇ ಆದರೆ ಸುಮಾರು ಅರ್ಧ ಸ್ನಿಪ್‌ಗಳಲ್ಲಿ ಎರಡು ಅಲೀಲ್. ಇಬ್ಬರದು ಬೆರೆತರೆ ನೂರಕ್ಕೆ 87ರಲ್ಲಿ. ರೀಡ್ ಅನುಪಾತ 80:20 ಎಂದು ಮತ್ತೆ ಮತ್ತೆ ಬಂದರೆ ಬೆರಕೆ ಅಂತ ಗೊತ್ತಾಗುತ್ತದೆ. ಸ್ನ್ಯಾಪ್‌ಶಾಟ್‌ನಲ್ಲಿ ಅದು ಬಣ್ಣದ ವ್ಯತ್ಯಾಸದೊಳಗೇ ಮುಚ್ಚಿಹೋಗುತ್ತದೆ.

ಕೀರ್ತನಾ ಎಂ.
ಹಾಗಾದರೆ ಹೆಟೆರೊಜೈಗೋಟ್ 25ರ ಬದಲು 17 ಬಂದರೆ ಡ್ರಾಪ್‌ಔಟ್ ಎಂದೇ ಹೇಳಬಹುದೇ?

ಶ್ರೀಹರ್ಷ ಜಿ.
ಆ ಎಣಿಕೆಯೊಂದನ್ನೇ ಹಿಡಿದು ಹೇಳಬೇಡಿ, ನಮ್ಮ ಕಡೆಯಂತೂ ಬೇಡವೇ ಬೇಡ. ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ಇರುವ ಕುಟುಂಬಗಳಲ್ಲಿ ಮಕ್ಕಳ ಇನ್‌ಬ್ರೀಡಿಂಗ್ ಗುಣಾಂಕ (ಎರಡೂ ಪ್ರತಿ ಒಂದೇ ಪೂರ್ವಜರಿಂದ ಬಂದಿರುವ ಸಾಧ್ಯತೆ) 1/8. ಹೆಟೆರೊಜೈಗೋಟ್ ಸಹಜವಾಗಿಯೇ 25ರಿಂದ 22ಕ್ಕೆ ಇಳಿಯುತ್ತದೆ, ಅದರ ಮೇಲೆ ಮೂರು ನಾಲ್ಕು ಆಚೀಚೆ ಆಗುವುದು ಮಾಮೂಲು. ಎಕ್ಸ್‌ಟ್ರ್ಯಾಕ್ಟ್ ಉಳಿದಿದ್ದರೆ ಇನ್ನೊಂದು ಪಿಸಿಆರ್ ಮಾಡಿ. ನಿಜವಾದ ಹೋಮೊಜೈಗೋಟ್ ಹಾಗೆಯೇ ಇರುತ್ತದೆ. ಸುಳ್ಳಾದದ್ದರಲ್ಲಿ ಕೆಲವಾದರೂ ಬಿಟ್ಟುಹೋದ ಅಲೀಲನ್ನು ತೋರಿಸುತ್ತವೆ. ಎಕ್ಸ್‌ಟ್ರ್ಯಾಕ್ಟ್ ಮುಗಿದಿದ್ದರೆ ಹೊಂದಿತು, ಹೊಂದಲಿಲ್ಲ ಎಂದು ಬರೆಯದೆ, ನಿಮ್ಮದೇ ಪರೀಕ್ಷೆಯಲ್ಲಿ 31 ಪಿಕೊಗ್ರಾಂಗೆ ಬಂದ ಡ್ರಾಪ್‌ಔಟ್ ದರ ಹಾಕಿ ಲೈಕ್ಲಿಹುಡ್ ರೇಶಿಯೊ (ಅದೇ ವ್ಯಕ್ತಿಯದಾದರೆ ಈ ಫಲಿತಾಂಶ ಬರುವ ಸಾಧ್ಯತೆ, ಬೇರೆಯವರದಾದರೆ ಬರುವುದರ ಎಷ್ಟು ಪಟ್ಟು ಎಂಬ ಅಂಕಿ) ಕೊಡಿ.